ಡಿ ಡ್ರೈವಿನಲ್ಲಿದ್ದ ಅವ್ವ

ಅಕ್ಕಿಆಲೂರು
9 ಜೂನ್ 2024

ಅಕ್ಕಾ,

ಎರಡು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಮನೆಯ ಕಂಪ್ಯೂಟರಿನಲ್ಲಿದ್ದ ನಿನ್ನ ಫೋಟೋಗಳು, ನೀನು ತೆಗೆದ ಅವ್ವನ ವಿಡಿಯೋಗಳು ಎಲ್ಲ ಹೋದವು ಎಂದು ನೀನು ತಿಳಿದಿದ್ದೀಯ. ಹೋಗಿಲ್ಲ. ಅಳಿಸುವ ಮೊದಲು ಇಡೀ ಹಾರ್ಡ್ ಡಿಸ್ಕನ್ನು ಇದ್ದ ಹಾಗೆಯೇ ಇನ್ನೊಂದು ಡಿಸ್ಕಿಗೆ ನಕಲು ತೆಗೆದಿದ್ದೆ. ಅಂಗಡಿಯಲ್ಲಿ ಅದಕ್ಕೆ ಇಮೇಜ್ ಎನ್ನುತ್ತೇವೆ. ಆ ಡಿಸ್ಕು ನನ್ನ ಟ್ರಂಕಿನ ತಳದಲ್ಲಿದೆ.

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದರಿಂದ ಕಾಗದ ಬರೆಯುತ್ತಿದ್ದೇನೆ. ಹತ್ತನೆಯ ಇಯತ್ತೆ ಮುಗಿಸದವನ ಬರಹ. ನೀನು ಟೀಚರು, ತಪ್ಪು ಕಂಡರೆ ತಿದ್ದಿಕೊಂಡು ಓದು.

ನಿನ್ನ ಮೇಲಿನ ಪ್ರೀತಿಯಿಂದ ಇದನ್ನು ಮಾಡಿದೆ ಎಂದುಕೊಳ್ಳಬೇಡ. ಆಗ ಶಿಗ್ಗಾಂವದ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೊಸದಾಗಿ ಸೇರಿದ್ದೆ. ಇಮೇಜ್ ತೆಗೆಯುವ ಒಂದು ಸಾಫ್ಟ್‌ವೇರ್ ಸಿಕ್ಕಿತ್ತು, ಹೇಗೆ ಕೆಲಸ ಮಾಡುತ್ತದೆ ನೋಡೋಣ ಎಂಬ ಹುಕಿ. ಅಷ್ಟೇ ಕಾರಣ.

ನೀನು ಮಾಲತೇಶನ ಜೊತೆ ರಿಜಿಸ್ಟರ್ ಮದುವೆಯಾದ ಸುದ್ದಿ ಬಂದ ದಿನ ಅಪ್ಪ ಹಿತ್ತಲಲ್ಲಿ ಉಟ್ಟ ಬಟ್ಟೆಯ ಮೇಲೆಯೇ ತಲೆಗೆ ನೀರು ಸುರಿದುಕೊಂಡ. ಸತ್ತವರ ಹೆಸರಿನಲ್ಲಿ ಸುರಿದುಕೊಳ್ಳುತ್ತಾರಲ್ಲ, ಹಾಗೆ. ಆಮೇಲೆ ಪಡಸಾಲೆಗೆ ಬಂದು ಕಂಪ್ಯೂಟರಿನ ಕಡೆ ಕೈ ಮಾಡಿ, “ಅದರಾಗ ಅಕಿದು ಏನೇನ್ ಐತಿ ಎಲ್ಲಾ ತಗದ್ ಹಾಕು. ಸಂಜಿಕ್ ಬಂದ್ ನೋಡ್ತೇನಿ” ಎಂದು ಗಿರಣಿಗೆ ಹೋದ. ಅವನು ಬರುವುದರೊಳಗೆ ಇಮೇಜ್ ಮುಗಿಸಿದೆ.

ಸಂಜೆ ಅಪ್ಪ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತ. ‘ಶೀಲಾ’ ಎಂಬ ಫೋಲ್ಡರನ್ನು ಅಳಿಸಿದೆ. “ಸಾಕು ಬಿಡು” ಎಂದು ಎದ್ದು ಹೋದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಅಳಿಸಿದ ಫೋಲ್ಡರನ್ನು ಮತ್ತೆ ತರಬಹುದಿತ್ತು. ನಾನು ಆ ಫೋಲ್ಡರಿದ್ದ ಡಿ ಡ್ರೈವನ್ನೇ ಪೂರ್ತಿ ಫಾರ್ಮ್ಯಾಟ್ ಮಾಡಿ, ಏನೂ ಮರಳಿ ಬರದಂತೆ ಒರೆಸಿಬಿಟ್ಟೆ. ಅದನ್ನು ಅಪ್ಪ ಹೇಳಿರಲಿಲ್ಲ. ನೀನು ನನಗೂ ಒಂದು ಮಾತು ಹೇಳದೆ ಹೋಗಿದ್ದೆಯಲ್ಲ, ಆ ಸಿಟ್ಟು. ಮೇಲೆ, ‘ಈ ಮನಿಯಾಗ ನಿಂದು ಒಂದ್ ಫೋಟೋನೂ ಉಳದಿಲ್ಲ’ ಎಂದು ನಿನಗೆ ಮೆಸೇಜ್ ಹಾಕಿದವನೂ ನಾನೇ. ಬ್ಲಾಕ್ ಮಾಡಿದ್ದು ಸರಿಯಾಯಿತು.

ಅವ್ವನ ವಿಡಿಯೋಗಳನ್ನೂ ನೀನು ನಿನ್ನ ಫೋಲ್ಡರಿನೊಳಗೇ ಇಟ್ಟಿದ್ದೆ. ಅದು ಅಪ್ಪನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಟ್ರಂಕಿನಲ್ಲಿ ನಕಲು ಇದೆಯಲ್ಲ ಎಂಬ ಸೊಕ್ಕಿನಲ್ಲಿ ಸುಮ್ಮನಿದ್ದೆ. ಅದೇ ವರ್ಷ ಅವ್ವನಿಗೆ ಲಕ್ವಾ ಹೊಡೆಯಿತು. ಕಾಲು ಸ್ವಲ್ಪ ಬಂದಿದೆ, ಎಡಗೈ ಚೆನ್ನಾಗಿದೆ. ಮಾತು ಬಂದಿಲ್ಲ. ನೀರು ಬೇಕಾದರೆ ಲೋಟ ಬಡಿಯುತ್ತಾಳೆ. ಇಡೀ ಓಣಿಗೆ ಕೇಳುವಂತೆ ಬೈಯುತ್ತಿದ್ದ ಅವ್ವನ ದನಿ ಈಗ ಆ ಟ್ರಂಕಿನಲ್ಲಿ ಮಾತ್ರ ಇದೆ.

ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ಕಂಪ್ಯೂಟರು ಒಳಗಿನಿಂದ ಕರಕರ ಎನ್ನುತ್ತಿದೆ. “ಗಿರಣಿ ಲೆಕ್ಕ ಎಲ್ಲಾ ಅದರಾಗ ಐತಿ. ಅದು ಸಾಯೂದ್ರೊಳಗ ಒಂದ್ ನಕಲ್ ತಗದಿಡು” ಎಂದ ಅಪ್ಪ. ಯಾವ ಸಾಫ್ಟ್‌ವೇರ್ ಆರಿಸಲಿ ಎಂದು ಕುಳಿತೆ. ಬೇಕಾದ ಫೈಲುಗಳನ್ನಷ್ಟೇ ನಕಲು ಮಾಡುವುದೋ, ಡಿಸ್ಕಿನಲ್ಲಿರುವುದನ್ನೆಲ್ಲ ತೆಗೆಯುವುದೋ ಎಂದು ಒಂದು ಸಾಫ್ಟ್‌ವೇರ್ ಕೇಳಿತು. ‘ಉಳಿಸಬೇಕಾದ್ದಕ್ಕೆ ಗುರುತು ಹಾಕಿ’ ಎಂಬ ಜಾಗದಲ್ಲಿ ನನ್ನ ಕೈ ನಿಂತುಬಿಟ್ಟಿತು.

ನಿನಗೆ ಅದು ಬೇಕಾದರೆ ಒಂದು ಸಾಲು ಬರಿ.

ನಿನ್ನ ತಮ್ಮ,
ಶಂಭುಲಿಂಗ


ಹಿರೇಕೆರೂರು
27 ಜೂನ್ 2024

ಶಂಭು,

ನಿನ್ನ ಕಾಗದ ಸಿಕ್ಕಿತು. ತಪ್ಪು ತಿದ್ದಲು ಕೂರಲಿಲ್ಲ. ಆದರೆ ಒಂದನ್ನು ನೀನು ಬಿಟ್ಟು ಬರೆದಿದ್ದೀಯ.

ಅವ್ವ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಗ ನಾನು ಬಂದಿದ್ದೆ. ಅಪ್ಪ ಚಹಾ ಕುಡಿಯಲು ಕೆಳಗೆ ಹೋಗಿದ್ದ. ಬಾಗಿಲಲ್ಲಿ ನೀನೊಬ್ಬನೇ ಇದ್ದೆ. “ಅಪ್ಪ ಬರೂದ್ರೊಳಗ ಹೋಗಿಬಿಡಕ್ಕಾ” ಎಂದೆ. ಅವ್ವನ ಕಾಲು ಮಾತ್ರ ಕಾಣುತ್ತಿತ್ತು. ಒಂದು ಗಳಿಗೆ ಪಕ್ಕಕ್ಕೆ ಸರಿದಿದ್ದರೆ ಮುಖ ನೋಡುತ್ತಿದ್ದೆ. ನೀನು ಸರಿಯಲಿಲ್ಲ. ಫೋಟೋ ಅಳಿಸಿದ್ದನ್ನು ನಾನು ಮರೆತೇನು, ಅದನ್ನು ಮರೆಯುವುದು ಕಷ್ಟ.

ನನ್ನ ಫೋಟೋ ಯಾವುದೂ ನನಗೆ ಬೇಡ. ಅವ್ವನ ದನಿ ಬೇಕು. ನನಗೆ ಎಂಟು ತಿಂಗಳ ಮಗಳಿದ್ದಾಳೆ, ಶ್ವೇತಾ. ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಅವಳನ್ನು ತೂಗುವಾಗ ಅವ್ವ ನಮಗೆ ಹೇಳುತ್ತಿದ್ದ ಮಾತುಗಳು ಬಾಯಿಗೆ ಬರುತ್ತವೆ. ಮಾತು ನೆನಪಿವೆ, ದನಿ ನೆನಪಿಲ್ಲ. ಎರಡೇ ವರ್ಷದಲ್ಲಿ ಹೀಗಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹೆತ್ತವಳ ದನಿ ಮರೆತವಳು ಎಂದು ನನ್ನ ಬಗ್ಗೆ ನನಗೇ ನಾಚಿಕೆಯಾಗುತ್ತದೆ. ಅಲ್ಲಿಂದ ಹೊರಟು ಬಂದವಳು ನಾನೇ ತಾನೆ?

ಫೋನ್ ಮಾಡಬೇಡ. ನಿನ್ನ ದನಿ ಕೇಳಿದರೆ ಜಗಳ ತೆಗೆಯುತ್ತೇನೆ. ಬರಿ.

ಶೀಲಾ


ಶಿಗ್ಗಾಂವ
21 ಜುಲೈ 2024

ಅಕ್ಕಾ,

ಬಾಗಿಲಲ್ಲಿ ನಿಂತಿದ್ದೆ. ಸರಿಯಲಿಲ್ಲ. ಮರೆತು ಬಿಟ್ಟದ್ದಲ್ಲ ಅದು. ಬರೆಯುವಾಗ ನೆನಪಿತ್ತು, ಬರೆಯಲಿಲ್ಲ.

ಮಗುವಿನ ಸುದ್ದಿ ಓದಿದ ಮೇಲೆ ಏನು ಬರೆಯಬೇಕೋ ತಿಳಿಯದೆ ತಡವಾಯಿತು. ಇನ್ನೊಂದು ಕಾರಣವೂ ಇದೆ. ಇಮೇಜ್ ತೆರೆಯುತ್ತಿಲ್ಲ.

ಡಿಸ್ಕನ್ನು ಅಂಗಡಿಗೆ ತಂದು ನುಜಹತ ಅಕ್ಕಾರ ಮುಂದಿಟ್ಟೆ. ಅಂಗಡಿ ಅವರದು. ಬಿಸಿಎ ಓದಿದವರು, ಬಾಯಿ ಜೋರು. ಎಲ್ಲ ಕೇಳಿದ ಮೇಲೆ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

“ತಗದಿಟ್ಟೇನಿ ಅಂತ ಎರಡ್ ವರ್ಷದಿಂದ ಮನಸಿನ್ಯಾಗ ಮೆರಿಯಾಕತ್ತಿಯಲ್ಲ, ಒಮ್ಮೆರ ರೀಸ್ಟೋರ್ ಮಾಡಿ, ಹೊಳ್ಳಿ ಬರತೈತೇನು ಅಂತ ನೋಡೀಯೇನು?”

“ಇಲ್ರೀ.”

“ಹಂಗಾದ್ರ ಅದು ಬ್ಯಾಕಪ್ ಅಲ್ಲೋ ರಾಜಾ. ಬರೇ ನಂಬಿಕಿ. ಇಷ್ಟ್ ಸಾಫ್ಟ್‌ವೇರ್ ಇದ್ವು, ಇದನ್ನ ಯಾಕ ಆರಿಸಿದಿ?”

“ನೋಡಾಕ ಛಲೋ ಇತ್ರೀ.”

“ಯಾ ಅಲ್ಲಾ! ಹೆಣ್ ನೋಡಾಕ ಹೋಗಿದ್ಯೇನು?”

ಅಂಗಡಿಯಲ್ಲಿದ್ದ ಗಿರಾಕಿಗಳೂ ನಕ್ಕರು. ನಗಲಿ. ಅದು ಒಂದು ತಿಂಗಳು ಪುಕ್ಕಟೆ ಕೊಡುವ ಸಾಫ್ಟ್‌ವೇರ್ ಆಗಿತ್ತು. ಇಮೇಜನ್ನು ತನ್ನದೇ ರೀತಿಯಲ್ಲಿ ಕಟ್ಟಿಡುತ್ತದೆ, ಬೇರೆ ಯಾವುದರಿಂದಲೂ ತೆರೆಯಲು ಬರುವುದಿಲ್ಲ. ಈಗ ಆ ಕಂಪನಿ ಹಳೆಯದನ್ನು ನಿಲ್ಲಿಸಿದೆ. ಹೊಸದನ್ನು ಹಾಕಿದರೆ ‘ಈ ಫೈಲು ಗುರುತು ಸಿಗುತ್ತಿಲ್ಲ’ ಎನ್ನುತ್ತದೆ. ತೆಗೆಯುವ ದಿನ ನಾನು ಬಣ್ಣ ನೋಡಿದೆ, ತೆರೆಯುವ ದಿನದ ವಿಚಾರ ಮಾಡಲಿಲ್ಲ. ಶಾಲೆ ಬಿಡಬೇಡ ಎಂದು ನೀನು ನನ್ನ ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿದಾಗಲೂ ನಾನು ಮುಂದಿನ ವಿಚಾರ ಮಾಡಿರಲಿಲ್ಲ.

ನಿನಗೆ ಆಸೆ ತೋರಿಸಿ ಈಗ ಇಲ್ಲ ಎನ್ನುತ್ತಿದ್ದೇನೆ. ಮೊದಲು ತೆರೆದು ನೋಡಿ ಆಮೇಲೆ ಬರೆಯಬೇಕಿತ್ತು.

ಹೋದ ವಾರ ಮನೆಯಲ್ಲಿ ಇನ್ನೊಂದು ನಡೆಯಿತು. ನಾನು ಒಳಗೆ ಬಂದಾಗ ಅಪ್ಪ ಕಂಪ್ಯೂಟರಿನ ಮುಂದೆ ಕುಳಿತಿದ್ದ. ಡಿ ಡ್ರೈವ್ ತೆರೆದು ಹಿಂದೆ ಹೋಗುತ್ತಾನೆ, ಮುಂದೆ ಬರುತ್ತಾನೆ. ಅಲ್ಲಿ ಆಮೇಲೆ ಬರೆದ ಗಿರಣಿಯ ಲೆಕ್ಕ ಬಿಟ್ಟರೆ ಏನೂ ಇಲ್ಲ. ನನ್ನನ್ನು ನೋಡಿ ಮೌಸ್ ಬಿಟ್ಟ.

“ನಿಮ್ಮವ್ವ ಶ್ಯಾವಿಗಿ ಮಾಡೂದು ಒಂದ್ ಇತ್ತಲ್ಲೋ ಇದರಾಗ. ಎಲ್ಲಿ ಹೋತು?”

ಡಿಸ್ಕು ಹಾಳಾಗಿದೆ ಎಂದಿದ್ದರೆ ನಂಬುತ್ತಿದ್ದ. ಕರಕರ ಸಪ್ಪಳ ಅವನೂ ಕೇಳಿದ್ದಾನೆ.

“ನಾನ ಅಳಿಸೇನಪ್ಪಾ.”

“ನಾ ಅಕಿದು ತಗಿ ಅಂದಿದ್ದೆ. ಸರೋಜಾಂದು ಯಾಕ ತಗದಿ?”

“ಅವ್ವಂದು ಅಕ್ಕನ ಫೋಲ್ಡರಿನಾಗ ಇತ್ತು.”

ಅವ್ವ ಅಲ್ಲೇ ಮಂಚದ ಮೇಲೆ ಕುಳಿತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಅವಳಿಗೆ ಮಾತು ಬರುವುದಿಲ್ಲ, ಆದರೆ ಎಲ್ಲ ಅರ್ಥವಾಗುತ್ತದೆ.

“ಅವತ್ತ ಹೇಳಾಕ ಏನಾಗಿತ್ತು ನಿನಗ?” ಎಂದ ಅಪ್ಪ.

“ನಿನ್ನ ಮ್ಯಾಲೂ ಸಿಟ್ಟಿತ್ತು, ಅಕ್ಕನ ಮ್ಯಾಲೂ ಸಿಟ್ಟಿತ್ತು.”

“ನನ್ನ ಮ್ಯಾಲ್ಯಾಕ?”

“ನೀ ತಗಿ ಅಂದಿ ಅಂತ.”

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ಕಂಪ್ಯೂಟರನ್ನು ಬಂದ್ ಮಾಡುವುದು ಅವನಿಗೆ ಸರಿಯಾಗಿ ಬರುವುದಿಲ್ಲ, ಹಾಗೇ ಬಿಟ್ಟು ಎದ್ದು ಹೋದ. ಇಮೇಜಿನ ವಿಷಯವನ್ನು ನಾನು ಹೇಳಲಿಲ್ಲ. ತೆರೆಯದ ಡಿಸ್ಕನ್ನು ತೋರಿಸಿ ಅವನಿಗೂ ಆಸೆ ಹಚ್ಚಬಾರದು ಎಂದು.

ನುಜಹತ ಅಕ್ಕಾರ ಅಣ್ಣ ಸವಣೂರಿನಲ್ಲಿದ್ದಾರೆ, ಶಾಹಬಾಜ ಅಂತ. ಹಳೆಯ ಕಂಪ್ಯೂಟರುಗಳನ್ನು ಬಿಸಾಡದೆ ಗುಡ್ಡೆ ಹಾಕಿಕೊಂಡಿದ್ದಾರಂತೆ. ಅದರಲ್ಲಿ ಯಾವುದರಲ್ಲಾದರೂ ಆ ಹಳೆಯ ಸಾಫ್ಟ್‌ವೇರ್ ಇರಬಹುದು. ಇಲ್ಲದೆಯೂ ಇರಬಹುದು.

ಶಂಭು


ಅಕ್ಕಿಆಲೂರು
18 ಆಗಸ್ಟ್ 2024

ಅಕ್ಕಾ,

ಸಿಕ್ಕಿತು. ಪೂರ್ತಿ ಅಲ್ಲ.

ಸವಣೂರಿಗೆ ಎರಡು ಸಲ ಹೋಗಿಬಂದೆ. ಶಾಹಬಾಜರ ಮನೆಯಲ್ಲಿ ಅಡುಗೆಮನೆ ಬಿಟ್ಟು ಉಳಿದ ಕಡೆಯೆಲ್ಲ ಕಂಪ್ಯೂಟರಿನ ಡಬ್ಬಿಗಳೇ. ಅವರ ಅಜ್ಜಿ ರಹಿಮಾಬಿ ಒಂದು ಡಬ್ಬಿಯ ಮೇಲೆ ಎಲೆ ಅಡಿಕೆ ಇಟ್ಟುಕೊಂಡು ಕುಳಿತಿದ್ದರು. ಮೊದಲ ಸಲ ಹೋದಾಗ ಮೂರ್ನಾಲ್ಕು ಯಂತ್ರ ಹಚ್ಚಿ ನೋಡಿದೆವು, ಯಾವುದರಲ್ಲೂ ಇರಲಿಲ್ಲ. ಎರಡನೆಯ ಸಲ ಸಿಕ್ಕಿದ್ದು ಅಜ್ಜಿ ಎಲೆ ಅಡಿಕೆ ಇಟ್ಟಿದ್ದ ಡಬ್ಬಿಯಲ್ಲೇ. “ಹಮಾರಾ ಪಾನ್ದಾನ್ ಹೊತ್ಕೊಂಡ್ ಹೊಂಟ್ರಲ್ಲೋ” ಎಂದು ಅವರು ಗೊಣಗಿದರು.

ಇಮೇಜ್ ತೆರೆಯಿತು. ಆದರೆ ಇಮೇಜ್ ತೆಗೆದ ದಿನವೇ ನಮ್ಮ ಕಂಪ್ಯೂಟರಿನ ಡಿಸ್ಕು ಕೆಲವು ಕಡೆ ಕೆಟ್ಟಿತ್ತು, ಅಲ್ಲಿದ್ದದ್ದನ್ನು ಸಾಫ್ಟ್‌ವೇರ್ ಬಿಟ್ಟು ಮುಂದೆ ಹೋಗಿದೆ. ಕೆಲಸದ ಕೊನೆಯಲ್ಲಿ ಒಂದು ಎಚ್ಚರಿಕೆ ಬಂದದ್ದು ಈಗ ನೆನಪಿಗೆ ಬರುತ್ತದೆ. ಓದದೆ ಸರಿ ಎಂದು ಒತ್ತಿದ್ದೆ. ನಿನ್ನ ಕಾಲೇಜಿನ ಫೋಟೋಗಳು ಅರ್ಧ ಬಂದು ಕೆಳಗೆ ಬೂದಿ ಬಣ್ಣ. ಅವ್ವನ ವಿಡಿಯೋಗಳಲ್ಲಿ ಹೆಚ್ಚಿನವು ತೆರೆಯಲಿಲ್ಲ. ಜೋಗುಳ ಹಾಡಿದ್ದು ಹೋಗಿದೆ. ನಿನಗೆ ಅದೇ ಬೇಕಾಗಿತ್ತೇನೋ. ಅದು ನನ್ನಿಂದ ಹೋಯಿತು.

ಮಾಳಿಗೆಯ ಮೇಲೆ ಶ್ಯಾವಿಗಿ ಒಣ ಹಾಕಿದ್ದು ಉಳಿದಿದೆ. ಚಿತ್ರ ನಡುನಡುವೆ ನಿಲ್ಲುತ್ತದೆ. ದನಿ ನಿಲ್ಲುವುದಿಲ್ಲ.

“ಶಂಭ್ಯಾ, ಕಾಗಿ ಹೊಡಿಯೋ ಅಂತ ಕುಂದ್ರಿಸಿದ್ರ ಕಾಗಿ ಕೂಡ ಮಾತಾಡಕೊಂತ ಕುಂತೀಯಲ್ಲೋ! ಸಾಲಿಗೂ ಹೋಗವಲ್ಲ, ಕಾಗೀನೂ ಹೊಡಿವಲ್ಲ, ಏನ್ ಮಾಡ್ಲಿ ಈ ಹುಡುಗನ್ನ ತಗೊಂಡು? ಶೀಲೀ, ಆ ಫೋನ್ ಒಳಗಿಡ. ಹರಕ ಸೀರಿ ಉಟಗೊಂಡೇನಿ, ನಾಳೆ ಯಾರರ ನೋಡಿದ್ರ ನಿಮ್ಮಪ್ಪನ ಮರ್ಯಾದಿ ಏನ್ ಉಳಿತೈತಿ?”

ಆಮೇಲೆ ಅವ್ವ ನಗುತ್ತಾಳೆ. ಗೊತ್ತಲ್ಲ, ನಗು ಬಂದರೆ ಅವಳಿಗೆ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು.

ನಾನು ಎದ್ದು ಹೊರಗೆ ಹೋಗಬೇಕೆಂದಿದ್ದೆ, ಡಬ್ಬಿಗಳ ನಡುವೆ ದಾರಿ ಸಿಗಲಿಲ್ಲ. ಅಲ್ಲೇ ಎಲ್ಲರ ಮುಂದೆ ಅತ್ತೆ. ರಹಿಮಾಬಿ ಅಜ್ಜಿಗೆ ನಮ್ಮ ಕಥೆ ಏನೂ ಗೊತ್ತಿಲ್ಲ. “ಬೈಯಾಕ ಎಷ್ಟ್ ಛಂದ ಬರತೈತಿ ನಿಮ್ಮವ್ವಗ. ಇನ್ನೊಮ್ಮೆ ಹಚ್ಚು” ಎಂದರು.

ಅದನ್ನು ಪೆನ್‌ಡ್ರೈವಿಗೆ ಹಾಕಿದ್ದೇನೆ. ಪೋಸ್ಟಿನಲ್ಲಿ ಕಳಿಸಲೋ, ಬಸ್ಸಿನಲ್ಲಿ ಯಾರ ಕೈಯಲ್ಲಾದರೂ ಕೊಡಲೋ, ಹೇಳು. ಮನೆಯಲ್ಲಿ ಇನ್ನೂ ಯಾರಿಗೂ ಕೇಳಿಸಿಲ್ಲ. ಮಾತು ಹೋದವಳ ಮುಂದೆ ಅವಳದೇ ಮಾತನ್ನು ಹಚ್ಚುವುದು ಹೇಗೆ? ಇದೇನು ಅಣಕಿಸುತ್ತಾನೆ ಎಂದುಕೊಂಡರೆ? ಒಂದು ಸಲ ಕಂಪ್ಯೂಟರಿನ ತನಕ ಹೋಗಿ ವಾಪಸ್ಸು ಬಂದೆ.

ಶಂಭು


ಹಿರೇಕೆರೂರು
2 ಸೆಪ್ಟೆಂಬರ್ 2024

ಶಂಭು,

ನೀನು ಬರೆದ ಅವ್ವನ ಮಾತುಗಳನ್ನು ಶ್ವೇತಾಳ ಮುಂದೆ ಜೋರಾಗಿ ಓದಿದೆ. ಓದಿದ ಹಾಗೆ ಕೇಳಿತೇ ಹೊರತು ಅವ್ವನ ಹಾಗೆ ಕೇಳಲಿಲ್ಲ. ಆದರೂ ಮಗು ನಕ್ಕಿತು. ಬೈಗುಳ ಎಂದು ಅದಕ್ಕೆ ಗೊತ್ತಾಗಿರಬೇಕು.

ಪೆನ್‌ಡ್ರೈವ್ ಕಳಿಸಬೇಡ. ಮೊದಲು ಅವ್ವನಿಗೆ ಕೇಳಿಸು. ಅದು ಅವಳ ದನಿ. ತೆಗೆದು ಹಾಕು ಎನ್ನುವಾಗ ಅಪ್ಪ ಅವಳನ್ನು ಕೇಳಲಿಲ್ಲ, ಅಳಿಸುವಾಗ ನೀನು ಕೇಳಲಿಲ್ಲ. ಫೋನ್ ಒಳಗಿಡು ಎಂದು ಅವಳು ಹೇಳುತ್ತಿದ್ದಾಗಲೂ ವಿಡಿಯೋ ಮಾಡುತ್ತಲೇ ಇದ್ದವಳು ನಾನು. ಈಗಲಾದರೂ ಕೇಳೋಣ. ಬೇಡ ಎಂದರೆ ನನಗೂ ಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ.

ಇನ್ನು ಜೋಗುಳದ ಮಾತು. ನಾಲ್ಕು ದಿನ ಈ ಕಾಗದ ಇಲ್ಲಿಗೇ ನಿಂತಿತ್ತು.

ನೀನು ಪ್ರೀತಿಯಿಂದ ಉಳಿಸಿದೆ ಎಂದು ಬರೆದಿದ್ದರೆ ಮೊದಲ ಕಾಗದವನ್ನೇ ಹರಿದು ಹಾಕುತ್ತಿದ್ದೆ.

ಶೀಲಾ


ಅಕ್ಕಿಆಲೂರು
5 ಅಕ್ಟೋಬರ್ 2024

ಅಕ್ಕಾ,

ಈ ಕಾಗದವನ್ನು ಪೋಸ್ಟಿಗೆ ಹಾಕುವುದಿಲ್ಲ. ಕೈಯಲ್ಲೇ ಕೊಡುತ್ತೇನೆ. ಎದುರಿಗೆ ನಿಂತು ಇಷ್ಟನ್ನು ಹೇಳಲು ನನ್ನಿಂದ ಆಗುವುದಿಲ್ಲ.

ನೀನು ಬರೆದು ಒಂದು ತಿಂಗಳಾಯಿತು. ಇಷ್ಟು ದಿನ ಧೈರ್ಯ ಬರಲಿಲ್ಲ. ಅಪ್ಪ ಹೇಳಿದ ಬ್ಯಾಕಪ್ಪಿನ ಕೆಲಸ ಹಿಡಿದುಕೊಂಡು ದಿನ ತಳ್ಳಿದೆ. ಈ ಸಲ ನೋಡಲು ಅಂದವಿಲ್ಲದ ಒಂದು ಸಾಫ್ಟ್‌ವೇರ್ ಆರಿಸಿದ್ದೇನೆ. ಪೂರ್ತಿ ಪುಕ್ಕಟೆ, ಅದರ ಇಮೇಜನ್ನು ಯಾವ ಯಂತ್ರದಲ್ಲಾದರೂ ತೆರೆಯಬಹುದು. ಬೇರೆ ಡಿಸ್ಕಿಗೆ ಪೂರ್ತಿ ರೀಸ್ಟೋರ್ ಮಾಡಿ, ಲೆಕ್ಕ, ಫೋಟೋ, ಶ್ಯಾವಿಗಿಯ ವಿಡಿಯೋ ಒಂದೊಂದಾಗಿ ತೆರೆದು ನೋಡಿದೆ. ಎಚ್ಚರಿಕೆಯ ಸಾಲುಗಳನ್ನೂ ಓದಿದೆ. ಇನ್ನು ಮಾಡಲು ಏನೂ ಉಳಿಯಲಿಲ್ಲ.

ನಿನ್ನೆ ಊಟದ ನಂತರ ಅವ್ವನ ಮಂಚವನ್ನು ಕಂಪ್ಯೂಟರಿನ ಹತ್ತಿರ ಎಳೆದೆ. ಅಪ್ಪನೂ ಇದ್ದ. ಇಮೇಜ್ ತೆಗೆದಿಟ್ಟದ್ದು, ಬಚ್ಚಿಟ್ಟದ್ದು, ಜೋಗುಳ ಹಾಳಾದದ್ದು, ನಿನಗೆ ಕಾಗದ ಬರೆದದ್ದು, ಎಲ್ಲ ಹೇಳಿದೆ. ಆಮೇಲೆ ಅವ್ವನನ್ನು ಕೇಳಿದೆ, “ಹಚ್ಚಲೇನವಾ? ಬ್ಯಾಡಂದ್ರ ಬ್ಯಾಡ.” ಅವ್ವ ಲೋಟ ಬಡಿದಳು. ಹಚ್ಚು ಅಂತ.

ದನಿ ಬಂದ ಕೂಡಲೇ ಬಾಗಿಲ ಕಡೆ ತಿರುಗಿದಳು, ಯಾರೋ ಬಂದರು ಎಂದು. ತನ್ನದೇ ಎಂದು ಗೊತ್ತಾದಾಗ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬಂದ್ ಮಾಡಲು ಹೋದೆ, ಎಡಗೈಯಿಂದ ನನ್ನ ಕೈಗೆ ಹೊಡೆದಳು. ಸೆರಗಿನೊಳಗೆ ನಗುತ್ತಿದ್ದಳು. ನಕ್ಕು ಉಸಿರು ಸಿಕ್ಕಿಹಾಕಿಕೊಂಡಿತು, ಮೊದಲಿನ ಹಾಗೆಯೇ. ಅಪ್ಪ ಮಾತ್ರ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

“ಅಕ್ಕ ಇದನ್ನ ಕೇಳ್ಯಾಳ. ಕೊಡಲೇನು?” ಎಂದೆ. ಅವ್ವ ತಲೆ ಆಡಿಸಿದಳು. “ಅಕ್ಕಗ ಮಗಳಾಗೇತವಾ. ಶ್ವೇತಾ ಅಂತ ಹೆಸರು.”

ಅವ್ವ ಅಪ್ಪನನ್ನು ನೋಡಿದಳು. ಅಪ್ಪ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಗಿರಣಿಗೆ ಹೋಗಿಬಿಟ್ಟ.

ಇವತ್ತು ಮಧ್ಯಾಹ್ನ ನಾನು ಹಿತ್ತಲಿನಿಂದ ಬರುವಷ್ಟರಲ್ಲಿ ಮಂಚ ಖಾಲಿ. ಗಾಬರಿಯಾಗಿ ಹೊರಗೆ ಓಡಿದೆ. ಅಂಗಳದಲ್ಲಿ ನಿಂತ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಅವ್ವ ಕುಳಿತಿದ್ದಳು. ಒಳ್ಳೆಯ ಸೀರೆಯನ್ನು ಒಂದೇ ಕೈಯಲ್ಲಿ ಹೇಗೋ ಸುತ್ತಿಕೊಂಡಿದ್ದಾಳೆ, ತೊಡೆಯ ಮೇಲೆ ಕೈಚೀಲ. ಇಳಿ ಎಂದರೆ ಇಳಿಯಲೊಲ್ಲಳು. ಪಕ್ಕದ ಮನೆಯ ನಾಗರತ್ನಾ ಕಾಕು ಬಂದು, “ಎಲ್ಲಿಗೆ ಸವಾರಿ, ಸರೋಜಕ್ಕಾ?” ಎಂದು ಕೇಳಿದರೆ ಹೊಳ್ಳಿಯೂ ನೋಡಲಿಲ್ಲ.

ಅಪ್ಪ ಗಿರಣಿಯಿಂದ ಬಂದು ನೋಡಿದ. “ಏನ್ ಹಠ ಇದು? ಅಕಿ ನಮ್ಮ ಪಾಲಿಗೆ ಇಲ್ಲ ಅಂತ ಹೇಳೇನಿಲ್ಲ ನಾ?” ಎಂದ. ಅವ್ವ ಕಾರಿನ ಗಾಜು ಏರಿಸಿದಳು. ಅಪ್ಪ ಅಂಗಳದಲ್ಲಿ ಆ ಕಡೆ ಈ ಕಡೆ ತಿರುಗಿದ. ಆಮೇಲೆ ತಾನೇ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದು ಗಾಜು ಬಡಿದ. ಅವ್ವ ಗಾಜು ಇಳಿಸಿ ಚಹಾ ಕುಡಿದಳು, ಕಪ್ಪು ವಾಪಸ್ಸು ಕೊಟ್ಟಳು, ಮತ್ತೆ ಗಾಜು ಏರಿಸಿದಳು.

ಅಪ್ಪ ಖಾಲಿ ಕಪ್ಪನ್ನು ಒಳಗಿಟ್ಟು ಮತ್ತೆ ಕಾರಿನ ಹತ್ತಿರ ಬಂದ. ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು.

“ಹೊತ್ ಮುಳುಗೈತಿ, ಈಗ ಎಲ್ಲಿಗೆ ಹೊಕ್ಕೀ? ಇಳಿ. ನಾಳೆ ಹೋಗೀರಂತ” ಎಂದ.

ಅವ್ವ ಇಳಿದಳು. ಅಪ್ಪ ಕೈ ಹಿಡಿದುಕೊಂಡ. ಮಗಳ ಮನೆಗೆ ಎಂದು ಮಾತ್ರ ಅವನು ಹೇಳಲಿಲ್ಲ. ನಾನು “ನೀನೂ ಬಾ ಅಪ್ಪಾ” ಎಂದೆ. “ಗಿರಣಿ ಯಾರ ನೋಡ್ತಾರ?” ಎಂದ. ನಾಳೆ ರವಿವಾರ, ಗಿರಣಿ ಬಂದ್ ಇರುತ್ತದೆ. ಅದು ಅವನಿಗೂ ಗೊತ್ತು. ಈಗ ಒಳಗೆ ಅವ್ವನ ವಿಡಿಯೋ ಹಚ್ಚುವುದನ್ನು ಕಲಿಯುತ್ತಿದ್ದಾನೆ. ಮೂರು ಸಲ ತೋರಿಸಿಕೊಟ್ಟೆ.

ಮಾಲತೇಶ ಮಾವನಿಗೆ ಫೋನ್ ಮಾಡಿ ಬರುವ ಸುದ್ದಿ ಹೇಳಿದ್ದೇನೆ. “ಬರ್ರಿ” ಎಂದರು, ಬೇರೆ ಏನೂ ಕೇಳಲಿಲ್ಲ. ಅವರನ್ನು ನಾನು ಮಾವ ಎಂದು ಕರೆದದ್ದು ಇದೇ ಮೊದಲು.

ಅಕ್ಕಾ, ಅವ್ವ ಬರುತ್ತಾಳೆ ಎಂದ ಮಾತ್ರಕ್ಕೆ ನನ್ನ ಲೆಕ್ಕ ಚುಕ್ತಾ ಆಯಿತು ಎಂದು ನಾನು ತಿಳಿದಿಲ್ಲ. ಅವ್ವನನ್ನು ಕಾರಿಗೆ ಹತ್ತಿಸಿದ್ದು ಅವಳ ಹಠ, ನನ್ನ ಒಳ್ಳೆಯತನವಲ್ಲ. ಜೋಗುಳ ಇನ್ನು ಯಾವ ಯಂತ್ರದಲ್ಲೂ ಇಲ್ಲ. ಶ್ವೇತಾ ಅದನ್ನು ಎಂದೂ ಕೇಳುವುದಿಲ್ಲ. ನೀನು ನನ್ನ ಜೊತೆ ಮಾತಾಡದಿದ್ದರೆ ಹೊರಗೆ ಕಾರಿನಲ್ಲಿ ಕುಳಿತಿರುತ್ತೇನೆ, ಸಂಜೆ ಅವ್ವನನ್ನು ಕರೆದುಕೊಂಡು ಬರುತ್ತೇನೆ. ಎರಡು ದಿನ ಇರಲಿ ಎಂದರೆ ಬಿಟ್ಟು ಬರುತ್ತೇನೆ.

ತಿಳವಳ್ಳಿಯ ದಾರಿಯಲ್ಲಿ ಬರುತ್ತೇವೆ. ನಾಳೆ ಮುಂಜಾನೆ ಹೊರಡುತ್ತೇವೆ.

ಶಂಭು